ಕೊಟ್ಟ ಭಾಷೆ

ನಮ್ಮ ನುಡಿಯಲ್ಲಿ 'ಭಾಷೆ' ಎಂಬ ಪದಕ್ಕೆ ಎರಡರ್ಥಗಳುಂಟು: ಆಡುವ ನುಡಿಯೊಂದು, ಕೊಡುವ ವಚನವೊಂದು. ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವುದು ನನ್ನ ಕಸುಬಾದುದರಿಂದ, ಈ ಎರಡೂ ಒಂದೆಡೆ ಕೂಡುವುದನ್ನು ನಾನು ದಿನವೂ ಕಾಣುತ್ತೇನೆ.

ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಒಂದೊಂದು ಕೆಲಸವನ್ನು ಒಂದೊಂದು ಫಂಕ್ಷನ್ನಿಗೆ ವಹಿಸುತ್ತೇವೆ. ಕೇಳಿದೊಡನೆ ಉತ್ತರ ಕೊಡುವುದು ಅದರ ಧರ್ಮ. ಆದರೆ ದೂರದ ಯಂತ್ರದಿಂದ ವಿಷಯವನ್ನು ತರಿಸಬೇಕಾದರೆ ಉತ್ತರವು ಕೂಡಲೇ ಕೈಗೆ ಬಾರದು. ಬರುವವರೆಗೆ ಉಳಿದ ಕೆಲಸಗಳನ್ನು ನಿಲ್ಲಿಸುವಂತೆಯೂ ಇಲ್ಲ. ಆಗ ಫಂಕ್ಷನ್ನು ಉತ್ತರಕ್ಕೆ ಬದಲಾಗಿ ಒಂದು 'ಪ್ರಾಮಿಸ್' ಅನ್ನು, ಎಂದರೆ ಒಂದು ಭಾಷೆಯನ್ನು, ಹಿಂದಿರುಗಿಸುತ್ತದೆ. ಈ ಹೆಸರನ್ನು 1976ರಲ್ಲಿ ಸೂಚಿಸಿದವರು ಡೇನಿಯಲ್ ಫ್ರೀಡ್‌ಮನ್ ಮತ್ತು ಡೇವಿಡ್ ವೈಸ್ ಎಂಬ ವಿದ್ವಾಂಸರು. ಜಾವಾಸ್ಕ್ರಿಪ್ಟಿನ ಅಧಿಕೃತ ನಿಯಮಗಳಲ್ಲಿ ಅದು ಸೇರಿದುದು 2015ರಲ್ಲಿ. ಪ್ರಾಮಿಸಿಗೆ ಮೂರೇ ಅವಸ್ಥೆಗಳು: ಬಾಕಿ, ಈಡೇರಿಕೆ, ನಿರಾಕರಣೆ. ಒಮ್ಮೆ ಈಡೇರಿದುದು ಅಥವಾ ನಿರಾಕೃತವಾದುದು ಮತ್ತೆ ಬದಲಾಗದು.

ಕೆಲವು ವರ್ಷಗಳ ಹಿಂದೆ ನಾನು ಬರೆದ ಫಂಕ್ಷನ್ನೊಂದರಲ್ಲಿ ತಪ್ಪಾಯಿತು. ದೂರದ ಯಂತ್ರವು ಕೈಕೊಟ್ಟರೆ ಆ ದೋಷವನ್ನು ದಾಖಲೆಯಲ್ಲಿ ಬರೆದಿಡುವಂತೆ ವಿಧಿಸಿದ್ದೆನು. ಪ್ರಾಮಿಸನ್ನು ನಿರಾಕರಿಸುವಂತೆ ವಿಧಿಸಲು ಮರೆತಿದ್ದೆನು. ನಿರಾಕರಣೆ ಬಂದಿದ್ದರೆ ಇನ್ನೊಂದು ಯಂತ್ರವನ್ನು ಕೇಳುವ ಏರ್ಪಾಡು ಸಿದ್ಧವಾಗಿಯೇ ಇತ್ತು. ಆದರೆ ಆ ಸಾಲುಗಳಿಗೆ ಸರದಿಯೇ ಬರಲಿಲ್ಲ. ಪರದೆಯ ಮೇಲೆ 'ತಾಳಿರಿ' ಎನ್ನುವ ಚಕ್ರವು ತಿರುಗುತ್ತಲೇ ಇದ್ದಿತು.

ಅದನ್ನು ನೋಡುತ್ತ ಕುಳಿತವನಿಗೆ ಬಾಲ್ಯದ ಗೆಳೆಯನ ಮುಖ ನೆನಪಾಯಿತು. ಮಗಳ ಕಾಲೇಜಿನ ಶುಲ್ಕಕ್ಕೆಂದು ಅವನು ಹಿಂದೊಮ್ಮೆ ನನ್ನಲ್ಲಿ ಸಾಲ ಕೇಳಿದ್ದನು. ನನ್ನಲ್ಲಿ ಹಣವಿರಲಿಲ್ಲ, ಇಲ್ಲವೆನ್ನಲು ದಾಕ್ಷಿಣ್ಯ ಅಡ್ಡಬಂದಿತು. "ನೋಡಿ ಹೇಳುತ್ತೇನೆ" ಎಂದು ಸುಮ್ಮನಾದೆನು. ಅವನು ನನ್ನ ಮಾತನ್ನು ನಂಬಿ ಕಾದನು. ಗಡುವು ಮೀರಿತು, ಹುಡುಗಿಗೆ ಒಂದು ವರ್ಷ ವ್ಯರ್ಥವಾಯಿತು. ಮುಂದೆ ಸಂತೆಯಲ್ಲಿ ಸಿಕ್ಕಾಗ, "ಇಲ್ಲ ಅಂದಿದ್ದರೆ ಭಾವನ ಹತ್ತಿರ ಹೋಗುತ್ತಿದ್ದೆ, ಮಾರಾಯ" ಎಂದಷ್ಟೇ ಹೇಳಿ ಹೊರಟುಹೋದನು.

ಆ ಮಾತಿನ ಭಾರ ನನಗೆ ಅಂದು ತಿಳಿಯಲಿಲ್ಲ. ಇಲ್ಲವೆನ್ನುವುದೇ ನಿಷ್ಠುರವೆಂದು ನಾನು ಬಗೆದಿದ್ದೆನು. ಅವನಿಗೂ ಬೇರೊಂದು ದಾರಿ ಸಿದ್ಧವಾಗಿತ್ತು. ನನ್ನ ದಾಕ್ಷಿಣ್ಯವು ಅದನ್ನು ತುಳಿಯಗೊಡಲಿಲ್ಲ.

ಅಂದಿನಿಂದ ಫಂಕ್ಷನ್ನು ಬರೆಯುವಾಗ ನಿರಾಕರಣೆಯ ಸಾಲನ್ನೇ ಮೊದಲು ಬರೆಯುತ್ತೇನೆ. ಮನುಷ್ಯರ ಮುಂದೆ ಆ ಸಾಲು ಇಂದಿಗೂ ಸಲೀಸಾಗಿ ಬಾಯಿಗೆ ಬಾರದು. ಆದರೂ ಕೇಳಿದವರು ಮನೆಯ ಮೆಟ್ಟಿಲಿಳಿಯುವ ಮುನ್ನವೇ ಹೇಳಿಬಿಡಲು ಯತ್ನಿಸುತ್ತೇನೆ.