ಒಂದು ಸುತ್ತಿಗೆ ಮೂರು ಹೊಲಿಗೆ

ಹುಲಸೂರಿನ ನಮ್ಮ ಪಡಸಾಲೆಯಲ್ಲಿ ಈಗ ನಾಲ್ಕು ಹೊಲಿಗೆ ಮಿಷನ್ನುಗಳಿವೆ. ಕರೆಂಟಿನದು ಒಂದೂ ಇಲ್ಲ. ಮೂರು ಉಷಾ, ಕಾಲಿಂದ ತುಳಿಯುವಂಥವು. ನಾಲ್ಕನೆಯದು ಕೈಯಿಂದ ತಿರುವುವ ಸಿಂಗರ್ 28. ನನ್ನ ಜೀವವೆಲ್ಲ ಆ ನಾಲ್ಕನೆಯದರ ಮೇಲೆ.

ಅದು ಸಿಕ್ಕಿದ್ದು ಬಸವಕಲ್ಯಾಣದ ಗುಜರಿಯಲ್ಲಿ. ಶರಣ ಸೂಜಿಕಾಯಕದ ರಾಮಿತಂದೆ ಬಾಳಿದ ಊರಲ್ಲಿ ಹೊಲಿಗೆ ಮಿಷನ್ ತೂಕದ ಲೆಕ್ಕಕ್ಕೆ ಬಿದ್ದಿತ್ತು, ನೋಡಿ ಸಂಕಟವಾಯಿತು. ಮನೆಗೆ ತಂದು ಒರೆಸಿದರೆ ಕಪ್ಪು ಮೈಮೇಲೆ ಬಂಗಾರದ ಸ್ಫಿಂಕ್ಸ್ ಮೂಡಿತು: ಸಿಂಹದ ಮೈ, ಮನುಷ್ಯರ ಮುಖ. ನಂಬರಿನ ಮುಂದೆ ವೈ ಅಕ್ಷರ. ಅಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು, ನಮ್ಮ ಸೀಮೆ ಇನ್ನೂ ನಿಜಾಮನ ಕೈಯಲ್ಲಿದ್ದ ಕಾಲದ್ದು. ಆ ಕಾರ್ಖಾನೆ 1980ರಲ್ಲೇ ಮುಚ್ಚಿಹೋಯಿತು.

ಹಿಡಿ ಅಲುಗುತ್ತಿರಲಿಲ್ಲ. ಹೀಗೆ ಬಿಗಿದುಕೊಂಡ ಮಿಷನ್ ಬಹಳ ಸಲ ಕೆಟ್ಟಿರುವುದಿಲ್ಲ. ಯಾರೋ ಅಕ್ಕರೆಯಿಂದ ಬಿಟ್ಟ ಕೊಬ್ಬರಿ ಎಣ್ಣೆ ಒಳಗೇ ಒಣಗಿ ಅಂಟಾಗಿರುತ್ತದೆ. ಎಣ್ಣೆ ಬಿಡುವ ತೂತುಗಳಿಗೆಲ್ಲ ಸೀಮೆಎಣ್ಣೆ ಬಿಟ್ಟು ಕಾದೆ. ಜೋರು ಮಾಡಬಾರದು, ಬೀಡು ಮುರಿದರೆ ಮುಗಿಯಿತು. ಮೂರನೆಯ ದಿನ ಬೆಳಗ್ಗೆ ಚಕ್ರ ಒಂದು ಬೆರಳಿನಷ್ಟು ಸರಿಯಿತು. ಮಧ್ಯಾಹ್ನಕ್ಕೆ ಪೂರ್ತಿ ಸುತ್ತು ಬಂತು. ಆಮೇಲೆ ಮಿಷನ್ ಎಣ್ಣೆ.

ಆದರೂ ಹೊಲಿಗೆ ತಪ್ಪುತ್ತಿತ್ತು. ಉಷಾದ ರೂಢಿಯಲ್ಲಿ ನಾನು ಸೂಜಿಗೆ ದಾರವನ್ನು ಬಲದಿಂದ ಎಡಕ್ಕೆ ಪೋಣಿಸುತ್ತಿದ್ದೆ. ಇದಕ್ಕೆ ಎಡದಿಂದ ಬಲಕ್ಕೆ ಬೇಕು. ಅದು ತಿಳಿಯುವುದಕ್ಕೆ ಒಂದು ದಿನ ಹಿಡಿಯಿತು. ಇದರ ಶಟಲ್ಲೂ ಬೇರೆ, ಪುಟ್ಟ ದೋಣಿಯಂಥದು. ಬಾಬಿನ್ ಉದ್ದನೆಯ ಕಡ್ಡಿ. ತಗಡು ಸರಿಸಿ, ಮೆಲ್ಲಗೆ ಹಿಡಿ ತಿರುವಿದರೆ ದೋಣಿ ಮೇಲಿನ ದಾರದ ಕುಣಿಕೆಯೊಳಗೆ ನುಸುಳಿ ಹೋಗಿಬರುವುದು ಕಾಣುತ್ತದೆ. ನೋಡುತ್ತ ಕೂತರೆ ಊಟ ಮರೆಯುತ್ತದೆ.

ಈಗ ಇದರ ಮೇಲೆ ಕೌದಿಗೆ ಚೌಕಗಳನ್ನು ಕೂಡಿಸುತ್ತೇನೆ: ಅವ್ವನ ಸೀರೆ, ಅಪ್ಪನ ಧೋತರ. ಬಲಗೈ ಹಿಡಿಗೆ, ಎಡಗೈ ಬಟ್ಟೆಗೆ. ಹಿಡಿ ಒಂದು ಸುತ್ತು ಬಂದರೆ ಸೂಜಿ ಮೂರು ಸಲ ಇಳಿಯುತ್ತದೆ. ಬೇಕಾದ ಹೊಲಿಗೆಗೇ ನಿಲ್ಲಿಸಬಹುದು, ಮೂಲೆ ತಿರುಗಿಸಬಹುದು. ಅವ್ವನ ಸೀರೆ ಸವೆದು ತೆಳ್ಳಗಾಗಿದೆ. ಅದಕ್ಕೆ ಈ ನಿಧಾನವೇ ಬೇಕು.

ಮೊನ್ನೆ ಸಪ್ಪಳ ಕೇಳಿ ಪಕ್ಕದ ಮನೆ ಆಯಿ ಬಂದರು. ಸ್ಫಿಂಕ್ಸಿನ ಮೇಲೆ ಬೆರಳಾಡಿಸಿದರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು.

"ತಮ್ಮಾ, ಒಂದೀಟು ನಾನೂ ತಿರುವ್ಲಾ?"

ನಾನು ಸ್ಟೂಲು ಬಿಟ್ಟೆದ್ದೆ. ಆಯಿ ಸೆರಗು ಸಿಕ್ಕಿಸಿಕೊಂಡು, ಯಾರೂ ಹೇಳದೆಯೇ ಎಡದಿಂದ ಬಲಕ್ಕೆ ದಾರ ಪೋಣಿಸಿದರು.