ಕುಂಕುಮದ ಕಲೆ

ಆನ್‌ಸೈಟ್ ಹೋಗಿ ಬಂದವರು ಆರ್‌ವಿ ನೋಡಿಯೇ ಇರುತ್ತೀರಿ. ಮಂಚ, ಒಲೆ, ಬಚ್ಚಲು, ಶೌಚ ಎಲ್ಲ ಇರುವ ಗಾಡಿಮನೆ. ಕೆಲವಕ್ಕೆ ಸ್ವಂತ ಎಂಜಿನ್ ಇರುತ್ತದೆ, ಕೆಲವನ್ನು ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆಯಬೇಕು. ಅಮೆರಿಕದ ಬಹುಪಾಲು ಆರ್‌ವಿಗಳು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ. ಹ್ಯೂಸ್ಟನ್ ಹತ್ತಿರ ಇರುವ ನನ್ನ ಅಣ್ಣ ಅಂಥದ್ದೊಂದನ್ನು, 24 ಅಡಿಯ ಎಳೆಯುವ ಗಾಡಿಯನ್ನು, ಸೆಕೆಂಡ್ ಹ್ಯಾಂಡ್ ಕೊಂಡಿದ್ದ. ಆರು ತಿಂಗಳಿಗೆಂದು ಧಾರವಾಡದಿಂದ ಬಂದಿದ್ದ ಅವ್ವನಿಗೆ ಹೊರಗಿನ ಊಟ ಸೇರುವುದಿಲ್ಲ. ಅಡುಗೆಮನೆಯನ್ನೇ ಜೊತೆಗೆ ಒಯ್ದರಾಯಿತು ಎನ್ನುವುದು ಅವನ ಲೆಕ್ಕ.

ನಾನು ಪುಣೆಯಿಂದ ಆಫೀಸಿನ ಕೆಲಸಕ್ಕೆ ಮೂರು ವಾರ ಅಲ್ಲಿಗೆ ಹೋದಾಗ ಅವರು ಗ್ಯಾಲ್ವೆಸ್ಟನ್ ಸಮುದ್ರ ನೋಡಿ ಬಂದು ಕೆಲ ದಿನಗಳಾಗಿದ್ದವು. ಗಾಡಿಯ ಕಿಟಕಿ ಕೆಳಗಿನ ಕಪಾಟಿನ ಮೇಲೆ ಅವ್ವ ದೇವರ ಫೋಟೊ, ಕುಂಕುಮದ ಭರಣಿ ಇಟ್ಟುಕೊಂಡಿದ್ದಳಂತೆ. ವಾಪಸು ಬಂದ ಮೇಲೆ ನೋಡಿದರೆ ಸರಿಯಾಗಿ ಅದರ ಬುಡದಲ್ಲಿ, ವಿನೈಲ್ ನೆಲದ ಮೇಲೆ, ಗುಲಾಬಿ ಕಲೆಗಳು. ವೈನಿ ಸೋಪು, ಸೋಡಾ, ಅಂಗಡಿಯ ನಾಲ್ಕು ಬಗೆಯ ಕ್ಲೀನರ್ ಎಲ್ಲ ಹಾಕಿ ತಿಕ್ಕಿದ್ದರು. ಹೋಗಿರಲಿಲ್ಲ. ಯಾರೂ ಅವ್ವನಿಗೆ ಏನೂ ಅಂದಿರಲಿಲ್ಲ, ಅದು ನಿಜ. ಆದರೆ ಮನೆಯ ದೇವರಗೂಡಿನಲ್ಲೂ ಭರಣಿಯ ಕೆಳಗೆ ಈಗ ಒಂದು ಟಿಶ್ಯೂ ಕಾಗದ ಬಂದಿತ್ತು. ಅವ್ವನ ಹಣೆಯ ಮೇಲೆ ಸ್ಟಿಕರ್ ಬಿಂದಿ ಇತ್ತು. ನಾನು ಹುಟ್ಟಿದಾಗಿನಿಂದ ಅವಳು ಸ್ಟಿಕರ್ ಹಚ್ಚಿದ್ದನ್ನು ನೋಡಿಲ್ಲ.

"ನಾ ಚೆಲ್ಲಿಲ್ಲೋ ತಮ್ಮಾ," ಅಂದಳು, ನಾನು ಕೇಳದೆಯೇ. "ಚೆಲ್ಲಿದ್ರ ನನಗ ಗೊತ್ತಾಗ್ತಿದ್ದಿಲ್ಲೇನು?"

ನಮ್ಮ ವೃತ್ತಿಯಲ್ಲಿ ರೂಟ್ ಕಾಸ್ ಅನಾಲಿಸಿಸ್ ಎಂಬ ಒಂದು ಕರ್ಮವಿದೆ. ಹತ್ತರಲ್ಲಿ ಎಂಟು ಸಲ ಅದು ಕಾರಣ ಹುಡುಕುವ ಸಭೆಯಲ್ಲ, ಯಾರ ಹೆಸರು ಬರೆಯಬೇಕು ಎಂದು ತೀರ್ಮಾನಿಸುವ ಸಭೆ. ಇಲ್ಲಿ ಸಭೆಯೇ ನಡೆಯದೆ ಹೆಸರು ಬರೆದಾಗಿತ್ತು.

ವಿನೈಲ್ ನೆಲ ಎಂದರೆ ಪಿವಿಸಿ. ಅದನ್ನು ಮೆತ್ತಗೆ, ಬಾಗುವಂತೆ ಮಾಡಲು ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವ ಬೆರೆಸಿರುತ್ತಾರೆ. ಮೇಲೆ ಪಾರದರ್ಶಕ ಪದರ, ಅದರಡಿ ಅಚ್ಚಾದ ಮರದ ಚಿತ್ರ, ತಳದಲ್ಲಿ ಹಿಮ್ಮೈ. ಕೆಲವು ಬಣ್ಣಗಳು ಆ ಪ್ಲಾಸ್ಟಿಸೈಜರಿನಲ್ಲಿ ಕರಗಿ ಪದರದೊಳಗೇ ಓಡಾಡುತ್ತವೆ. ಹಾಗಾಗಿ ಮೊದಲ ಪ್ರಶ್ನೆ ಕಲೆ ಯಾವುದರದ್ದು ಎಂಬುದಲ್ಲ, ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಎಂಬುದು.

ಬಿಳಿ ಬಟ್ಟೆಗೆ ರಬ್ಬಿಂಗ್ ಆಲ್ಕೊಹಾಲ್ ಹಾಕಿ ಒರೆಸಿದೆ. ಬಟ್ಟೆ ಬಿಳಿಯಾಗಿಯೇ ಉಳಿಯಿತು. ಅವ್ವನ ಕುಂಕುಮ ಊರಿಂದ ತಂದದ್ದು, ಅರಿಸಿನಕ್ಕೆ ಸುಣ್ಣದಂಥ ಕ್ಷಾರ ಸೇರಿಸಿ ಮಾಡಿದ್ದು. ಅರಿಸಿನ ಕ್ಷಾರಕ್ಕೆ ಕೆಂಪಾಗುತ್ತದೆ, ಹುಳಿಗೆ ಮತ್ತೆ ಹಳದಿಯಾಗುತ್ತದೆ. ಕಾಗದದ ಮೇಲೆ ಚಿಟಿಕೆ ಕುಂಕುಮ ಹಾಕಿ ನಿಂಬೆರಸ ಬಿಟ್ಟರೆ ಹಳದಿಗೆ ತಿರುಗಿತು. ನೆಲದ ಕಲೆಗೆ ಬಿಟ್ಟರೆ ಏನೂ ಆಗಲಿಲ್ಲ. ಅವ್ವನ ಮುಖ ಅರಳಿತು. ಆದರೆ ಇದು ಅರ್ಧ ಸಾಕ್ಷಿ ಮಾತ್ರ ಎಂದು ನಾನೇ ಹೇಳಬೇಕಾಯಿತು. ಬಣ್ಣ ಪದರದ ಒಳಗಿಳಿದಿದ್ದರೆ ನಿಂಬೆರಸ ಅದನ್ನು ಮುಟ್ಟುವುದೇ ಇಲ್ಲ.

ಬಾಗಿಲ ಬಳಿ ಇನ್ನೊಂದು ಕಲೆಯೂ ಇತ್ತು. ಹಳದಿ-ಕಂದು, ಗೆರೆ ಎಳೆದಂತೆ ನೇರ ಅಂಚಿನ ಆಯತ. ಅದಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ. ರಬ್ಬರ್ ತಳದ ಮ್ಯಾಟು ಬಹುಕಾಲ ಬಿದ್ದಿದ್ದರೆ ರಬ್ಬರಿನಲ್ಲಿ ಬೆರೆಸಿರುವ ರಾಸಾಯನಿಕಗಳು ವಿನೈಲಿಗೆ ಇಳಿದು ಹೀಗೇ ಆಗುತ್ತದೆ. ತೊಳೆದರೆ ಹೋಗುವುದಿಲ್ಲ, ಅಪಾಯವೂ ಇಲ್ಲ.

ಗುಲಾಬಿ ಕಲೆಗೆ ಅಂಥ ಅಂಚಿರಲಿಲ್ಲ. ಮೋಡದ ಹಾಗೆ ಮಸುಕು. ಕಪಾಟಿನ ಕೆಳಗಿನ ಡ್ರಾಯರ್ ಹೊರಗೆ ಎಳೆದು ಟಾರ್ಚ್ ಹಾಕಿದರೆ ಒಳಗೂ ಇತ್ತು. ಕುಂಕುಮ ಚೆಲ್ಲಿದರೂ ಅಲ್ಲಿಗೆ ಹೋಗುವುದಿಲ್ಲ. ಕಲೆಯ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ತಾರೀಖು ಬರೆದೆ. ಆ ವಾರ ಹ್ಯೂಸ್ಟನ್ನಿನಲ್ಲಿ ಎರಡು ದಿನ ಬಿಡದೆ ಮಳೆ. ಮುಂದಿನ ಶನಿವಾರ ಹೋಗಿ ನೋಡಿದರೆ ಕಲೆ ಟೇಪನ್ನು ದಾಟಿತ್ತು, ಹೆಬ್ಬೆರಳಿನಗಲ.

ಕುಂಕುಮ ಬೆಳೆಯುವುದಿಲ್ಲ. ಬೆಳೆಯುವುದು ಜೀವ ಇರುವಂಥದ್ದು. ವಿನೈಲಿನ ಕೆಳಗೆ ತೇವ ನಿಂತರೆ ಕೆಲವು ಸೂಕ್ಷ್ಮಜೀವಿಗಳು ಅಲ್ಲಿ ಬೀಡು ಬಿಡುತ್ತವೆ. ಅವು ಬಿಡುವ ಗುಲಾಬಿ ಬಣ್ಣ ಪ್ಲಾಸ್ಟಿಸೈಜರಿನಲ್ಲಿ ಕರಗಿ ಮೇಲೇರುತ್ತದೆ. ಮೇಲಿನಿಂದ ಬ್ಲೀಚ್ ಸುರಿದರೂ ಪ್ರಯೋಜನವಿಲ್ಲ. ವೈನಿ ತಿಕ್ಕಿ ಕೈ ಸವೆಸಿಕೊಂಡದ್ದು ಗಾಜಿನ ಆಚೆಗಿನ ಧೂಳನ್ನು ಈಚೆಯಿಂದ ಒರೆಸಿದಂತೆ.

ಅಣ್ಣ ಎರಡು ಮುಳ್ಳಿನ ತೇವಮಾಪಕ ತಂದ. ಗಾಡಿಯ ನಡುವೆ ಕೆಳಗಿನ ಪ್ಲೈವುಡ್ಡಿನಲ್ಲಿ 11, ಕಿಟಕಿಯ ಗೋಡೆಯ ಬುಡದಲ್ಲಿ 27. ಮರದಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ತೇವ ಹಾಗೇ ಉಳಿದರೆ ಕೊಳೆಯುವ ಭಯ. ಅಣ್ಣ ಸುಮ್ಮನಾದ. ಅಲ್ಲಿಯವರೆಗೆ ಅವನಿಗೆ ಇದು ಒಂದು ಕಲೆ. ಈಗ ಅವ್ವನನ್ನೂ ಮಕ್ಕಳನ್ನೂ ಕೂರಿಸಿ ಹೋಗಬೇಕಾದ ಮನೆಯ ತಳ ಕೊಳೆಯುವ ಪ್ರಶ್ನೆ, ಜೊತೆಗೆ ಬ್ಯಾಂಕಿನ ಸಾಲ.

ನೀರಿನ ದಾರಿ ಹುಡುಕುವುದೇ ಕಷ್ಟದ ಕೆಲಸ. ಮಾಡಿನ ಅಂಚಿನಲ್ಲಿ ನುಗ್ಗಿದ ನೀರು ಚೌಕಟ್ಟಿನುದ್ದಕ್ಕೂ ಹರಿದು ಎಲ್ಲೋ ಇನ್ನೊಂದು ಮೂಲೆಯಲ್ಲಿ ಕಾಣಿಸಿಕೊಳ್ಳಬಹುದು. ಅದಕ್ಕೇ ಹೊರಗಿನಿಂದ ಪೈಪು ಹಿಡಿದಾಗ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಬಿಟ್ಟರೆ ಎಲ್ಲ ಕಡೆ ಒಟ್ಟಿಗೇ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಅಣ್ಣ ಹೊರಗೆ ಪೈಪು ಹಿಡಿದ, ನಾನು ಒಳಗೆ ಟಾರ್ಚು ಹಿಡಿದು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದೆ. ಚಾಸಿಯ ಅಂಚು, ಹೊರದೀಪದ ಸುತ್ತ, ಹೀಗೆ ಮುಕ್ಕಾಲು ಗಂಟೆ. ಅವ್ವ ಎರಡು ಸಲ ಚಹಾ ತಂದಳು. ಕಿಟಕಿಯ ಕೆಳಗಿನ ಎಡಮೂಲೆಗೆ ನೀರು ಬಿದ್ದು ಮೂರು ನಿಮಿಷಕ್ಕೆ ಗೋಡೆಯ ಹಲಗೆಯ ಅಡಿಯಿಂದ ಒಂದು ಹನಿ ಹೊರಬಂತು. ಹೊರಗಿನ ಸೀಲಂಟ್ ಬಿಸಿಲಿಗೆ ಒಣಗಿ ಕೂದಲೆಳೆಯಷ್ಟು ಬಿರಿದಿತ್ತು. ಅಷ್ಟೇ.

ರಿಪೇರಿ ಬೇಗ ಹೇಳಿ ಮುಗಿಸುತ್ತೇನೆ. ಕಿಟಕಿ ಬಿಚ್ಚಿ ಹಳೆಯದನ್ನೆಲ್ಲ ಕೆರೆದು ಹೊಸ ಬ್ಯೂಟೈಲ್ ಟೇಪ್ ಹಾಕಿ ಕೂರಿಸಿದೆವು. ಇಂಥ ಗಾಡಿಗಳಲ್ಲಿ ಅನೇಕ ಕಡೆ ಮೊದಲು ನೆಲ ಹಾಸಿ ಆಮೇಲೆ ಗೋಡೆ, ಕಪಾಟು ನಿಲ್ಲಿಸುವುದರಿಂದ ಇಡೀ ವಿನೈಲ್ ಎಳೆದು ತೆಗೆಯಲು ಬರುವುದಿಲ್ಲ. ಕಲೆಯಿದ್ದ ಭಾಗವನ್ನಷ್ಟೇ ಕತ್ತರಿಸಿ ತೆಗೆದೆವು. ಹಿಮ್ಮೈ ಕಪ್ಪಗೆ, ಮುಗ್ಗುಲು ವಾಸನೆ. ಪ್ಲೈವುಡ್ ಸ್ಕ್ರೂಡ್ರೈವರಿಗೆ ಒಂದು ಕಡೆ ಮಾತ್ರ ಮೆತ್ತಗಿತ್ತು. ಅಣ್ಣ ಆ ತುಂಡು ಬದಲಿಸಿದ, ಉಳಿದದ್ದನ್ನು ಫ್ಯಾನ್ ಹಚ್ಚಿ ನಾಲ್ಕು ದಿನ ಒಣಗಿಸಿದ.

ಕತ್ತರಿಸಿದ ವಿನೈಲ್ ತುಂಡನ್ನು ವೈನಿ ತಿರುವಿ ತಿರುವಿ ನೋಡಿದರು. ಅವ್ವನಿಗೆ ಏನೂ ಹೇಳಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಭರಣಿಯ ಕೆಳಗಿನ ಟಿಶ್ಯೂ ಕಾಗದ ಅಲ್ಲಿರಲಿಲ್ಲ. ಅವ್ವ ಅದನ್ನು ನೋಡಿದಳೋ ಇಲ್ಲವೋ, ಕೈ ತೊಳೆದು ಬಂದು ಉಂಗುರ ಬೆರಳಲ್ಲಿ ಕುಂಕುಮ ತೆಗೆದು ವೈನಿಗೂ ಹಚ್ಚಿದಳು.

ಹೊಸ ತೇಪೆ ಹಳೆಯ ನೆಲಕ್ಕೆ ಹೊಂದುವುದಿಲ್ಲ. ಮುಚ್ಚಲು ಅವ್ವ ತನ್ನ ಟ್ರಂಕಿನಿಂದ ನವಲಗುಂದದ ಜಮಖಾನ ತೆಗೆದಳು, ಮಗನ ಮನೆಗೆಂದು ತಂದದ್ದು. ವೈನಿ ಅದರ ತಳ ಮಗುಚಿ ನೋಡಿದರು. "ಅತ್ತಿ, ಇದಕ್ಕ ರಬ್ಬರ್ ಇಲ್ಲ ಹೌದಿಲ್ಲೋ?"

"ಬರೇ ಹತ್ತಿ ಐತೆವಾ. ನೀರಿನ್ಯಾಗ ಹಾಕಿ ಒಗದು ಬಿಡು."

ಮಳೆ ಬಂದ ಮರುದಿನ ಜಮಖಾನ ಎತ್ತಿ ಮಾಪಕ ಚುಚ್ಚಬೇಕೆಂದು ಅಣ್ಣನಿಗೆ ಹೇಳಿ ಬಂದಿದ್ದೆ. ಮೊನ್ನೆ ಫೋಟೊ ಕಳಿಸಿದ್ದ. 12.