ಆಚಾರ್ಯನ ಅಂಕಹಾರ

ಗಣಿತವೆಂದೊಡನೆ ಪುಟ ಮಗುಚುವ ವಾಚಕಮಹಾಶಯರು ಕ್ಷಣಕಾಲ ನಿಲ್ಲಬೇಕೆಂದು ಬೇಡುತ್ತೇನೆ. ನಾನು ಹೇಳಹೊರಟಿರುವುದು ಒಂದೇ ಒಂದು ಸಂಖ್ಯೆಯ ವಿಚಾರ. ಅದು 12345654321, ಎಂದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಇದು ನಮ್ಮ ನಾಡಿನ ಹಳೆಯ ಸೊತ್ತು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಗುಣಾಕಾರದ ಲೆಕ್ಕಗಳಲ್ಲಿ ಇದು ಬರುತ್ತದೆ. 27994681ನ್ನು 441ರಿಂದ ಗುಣಿಸು ಎಂಬುದು ಪ್ರಶ್ನೆ. ಉತ್ತರವಾಗಿ ಬರುವ ಸಂಖ್ಯೆಯನ್ನು ಆಚಾರ್ಯನು ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವುದೆಂದು ವರ್ಣಿಸುತ್ತಾನೆ. ಇಂತಹ ಗುಣಲಬ್ಧಗಳನ್ನು ಕಂಠಾಭರಣವೆಂದು ಕರೆಯುವುದೂ ಅವನಿಗೆ ಪ್ರಿಯ. ಒರಟಾದ ಆ ಎರಡು ಸಂಖ್ಯೆಗಳೊಳಗೆ ಹಾರವನ್ನು ಅಡಗಿಸಿಟ್ಟವನು ರಸಿಕನೇ ಸರಿ.

ನನ್ನ ತಮ್ಮನ ಮಗಳು ಗಣಿತವನ್ನು ಬಿಟ್ಟುಬಿಡುವೆನೆಂದು ಹಟಹಿಡಿದಿದ್ದ ದಿನಗಳಲ್ಲಿ ಈ ಲೆಕ್ಕವನ್ನು ಅವಳ ಮುಂದಿಟ್ಟೆನು. ಅವಳು ಗುಣಿಸಿದಳು, ಹಾರವನ್ನು ಕಂಡಳು, ಆದರೆ ಮರುಳಾಗಲಿಲ್ಲ. “ಅತ್ತೆ, ಇದು ಬರೆಯುವ ರೀತಿಯ ಚಂದ, ಸಂಖ್ಯೆಯ ಚಂದವಲ್ಲ” ಎಂದಳು. ಪಕ್ಕದಲ್ಲಿದ್ದ ತಮ್ಮನು ನಕ್ಕನು. ನನಗೆ ನಗು ಬರಲಿಲ್ಲ. ಮಾತು ಸರಿಯಾಗಿದ್ದರೆ ಆಚಾರ್ಯನ ಆಭರಣವೇ ಹುಸಿಯಾಗುತ್ತದಲ್ಲವೆ?

ಮಾತಿನಲ್ಲಿ ಅರ್ಧ ನಿಜವಿದೆ. ನಮ್ಮ ಸಂಖ್ಯೆಯು 111111ರ ವರ್ಗ. ಆರು ಒಂದುಗಳ ಸಾಲನ್ನು ಒಂದೊಂದೇ ಸ್ಥಾನ ಸರಿಸಿ ಆರು ಸಲ ಕೆಳಗೆ ಕೆಳಗೆ ಬರೆದು ಕೂಡಿದರೆ, ಅಂಚಿನಲ್ಲಿ ಒಂದು, ನಡುವೆ ಆರು. ಹಾರದ ಗುಟ್ಟು ಇಷ್ಟೇ. ಹತ್ತರ ಬದಲು ಎಂಟನ್ನು ಆಧಾರವಾಗಿಟ್ಟುಕೊಂಡು ಇದೇ ಸಂಖ್ಯೆಯನ್ನು ಬರೆದರೆ ಅದು 13ರಿಂದ ಮೊದಲಾಗಿ 61ರಲ್ಲಿ ಮುಗಿಯುತ್ತದೆ. ಹಾರ ಹರಿಯಿತು!

ಆದರೆ ಹರಿಯದೆ ಉಳಿಯುವುದೂ ಒಂದುಂಟು. 111111 ಎಂಬುದು 111 ಮತ್ತು 1001ರ ಗುಣಲಬ್ಧ. ಮೊದಲನೆಯದರಲ್ಲಿ 3, 37. ಎರಡನೆಯದರಲ್ಲಿ 7, 11, 13. ಆದುದರಿಂದ ನಮ್ಮ ಸಂಖ್ಯೆಯಲ್ಲಿ ಈ ಐದು ಅವಿಭಾಜ್ಯಗಳು ಎರಡೆರಡು ಸಲ ಕುಳಿತಿವೆ. ಒಂದೊಂದನ್ನೂ ಬಿಡಬಹುದು, ಒಮ್ಮೆ ಕೊಳ್ಳಬಹುದು, ಎರಡು ಸಲ ಕೊಳ್ಳಬಹುದು. ಹೀಗೆ ಒಟ್ಟು 243 ಭಾಜಕಗಳು. ಯಾವ ಲಿಪಿಯಲ್ಲಿ, ಯಾವ ಆಧಾರದಲ್ಲಿ ಬರೆದರೂ ಇವುಗಳಲ್ಲಿ ಒಂದೂ ಕಡಮೆಯಾಗದು. ಆಚಾರ್ಯನ ಪ್ರಶ್ನೆಯನ್ನು ಈಗ ನೋಡಿರಿ: 441 ಎಂಬುದು 3 ಮತ್ತು 7ರ ಗುಣಲಬ್ಧದ ವರ್ಗ, 27994681 ಉಳಿದ ಮೂರರ ಗುಣಲಬ್ಧವಾದ 5291ರ ವರ್ಗ. ಹಾರವನ್ನು ಅವನು ಎರಡು ಪೂರ್ಣ ವರ್ಗಗಳಾಗಿ ಬಿಚ್ಚಿಟ್ಟಿದ್ದಾನೆ. 1ನ್ನು 7ರಿಂದ ಭಾಗಿಸುವಾಗ 142857 ಎಂಬ ಆರಂಕಗಳು ಮರಳಿ ಮರಳಿ ಬರುವುದಕ್ಕೂ, 7 ಆರು ಒಂದುಗಳನ್ನು ನಿಶ್ಶೇಷವಾಗಿ ಭಾಗಿಸುವುದಕ್ಕೂ ಕಾರಣ ಒಂದೇ. ಇದನ್ನು ಬರಿಯ ಬರವಣಿಗೆಯ ಬೆಡಗೆನ್ನಲು ನನಗೆ ಮನಸ್ಸೊಪ್ಪದು.

ಇಷ್ಟನ್ನೂ ಹೇಳಿದೆನು. ಹುಡುಗಿ ಒಪ್ಪಿದಳೆಂದು ಹೇಳಲಾರೆ. ಆ ರಾತ್ರಿ ಊಟವಾದ ಮೇಲೆ, ಒಂದುಗಳು ಹತ್ತಾದರೆ ಏನಾಗುವುದೆಂದು ಅವಳೇ ಗುಣಿಸತೊಡಗಿದಳು. ನಡುವಿನ ಹತ್ತು ದಶಕವಾಗಿ ಪಕ್ಕಕ್ಕೆ ಉಕ್ಕಿತು. ಕಾಗದದ ಮೇಲೆ 1234567900987654321 ಎಂದು ಬಂದಿತು. ಎಂಟು ಎಲ್ಲಿ ಜಾರಿಹೋಯಿತೆಂದು ಇಬ್ಬರೂ ದೀಪದ ಬಳಿ ಬಹಳ ಹೊತ್ತು ಹುಡುಕಿದೆವು.